ಪೇಢೆ ಡಬ್ಬಿಯ ಅಕ್ಷರಗಳು

ದುರ್ಗದಬೈಲಿನ ಹತ್ತಿರ ನನ್ನದೊಂದು ಸಣ್ಣ ರೇಡಿಯಂ ಅಂಗಡಿ. ಬೈಕಿನ ನಂಬರ್ ಪ್ಲೇಟಿಗೆ, ಆಟೋದ ಹಿಂದಿನ ಗಾಜಿಗೆ ಹೊಳೆಯುವ ಅಕ್ಷರ ಕತ್ತರಿಸಿ ಅಂಟಿಸುತ್ತೇನೆ. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನೋಡಿ ಹಾಗೆಯೇ ಕತ್ತರಿಸುವುದು ಕೆಲಸ. ಇಂಗ್ಲಿಷಿನ ಅಕ್ಷರಗಳೆಲ್ಲ ನನಗೆ ಗೊತ್ತು. ಅವು ಕೂಡಿದಾಗ ಏನು ಹೇಳುತ್ತವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು.

ಅಕ್ಕ ಬಿ.ಎ. ಓದಿದಳು. ನಮ್ಮೂರು ಗರಗದಲ್ಲಿ ಅಪ್ಪ ಮಗ್ಗದ ಮುಂದೆ ಕೂತು, ಇಬ್ಬರಲ್ಲಿ ಒಬ್ಬರನ್ನಷ್ಟೇ ಮುಂದೆ ಓದಿಸಬಲ್ಲೆ ಎಂದಾಗ ನಾನು ಬಿಟ್ಟೆ. ಅಕ್ಕನಿಗಾಗಿ ತಮ್ಮ ಶಾಲೆ ಬಿಟ್ಟ ಎಂದು ಓಣಿಯವರೆಲ್ಲ ಹೊಗಳಿದರು. ನಿಜವೆಂದರೆ ನನಗೆ ಶಾಲೆಯೇ ಬೇಡವಾಗಿತ್ತು. ಬಿಟ್ಟ ದಿನ ಸಂಜೆಯವರೆಗೂ ಕೆರೆಯಲ್ಲಿ ಈಜಾಡಿದ್ದೆ. ಹೊಗಳಿಕೆ ರುಚಿಸಿತು, ಸುಮ್ಮನಿದ್ದುಬಿಟ್ಟೆ. ಅಕ್ಕ ಮಾತ್ರ ಅದನ್ನು ಋಣವೆಂದೇ ತಲೆಯ ಮೇಲೆ ಹೊತ್ತುಕೊಂಡಳು.

ಅವಳು ಮದುವೆಯಾಗಲಿಲ್ಲ. ಪಾಠ ಹೇಳುತ್ತಿದ್ದ ಸಣ್ಣ ಇಂಗ್ಲಿಷ್ ಶಾಲೆ ಮುಚ್ಚಿತು, ಮೊಣಕಾಲು ಸೋತವು. ನನ್ನ ಹೆಂಡತಿ ತೀರಿಕೊಂಡ ಮೇಲೆ ಗೋಪನಕೊಪ್ಪದ ಮನೆಯಲ್ಲಿ ಉಳಿದವರು ನಾವಿಬ್ಬರೇ. ನಾನು ಅಂಗಡಿಗೆ ಹೋದರೆ ಸಂಜೆಯವರೆಗೆ ಅವಳ ಜೊತೆ ಮಾತಾಡಲು ಟಿ.ವಿ. ಬಿಟ್ಟರೆ ಯಾರೂ ಇಲ್ಲ.

ಆಟ ಶುರು ಮಾಡಿದವಳು ಅವಳೇ. ಅಂಗಡಿಯಲ್ಲಿ ದಿನವೂ ಒಂದಿಷ್ಟು ಅಕ್ಷರ ಉಳಿಯುತ್ತವೆ. ಗಿರಾಕಿ ಮನಸ್ಸು ಬದಲಿಸುತ್ತಾನೆ, ಇಲ್ಲವೇ ನಾನೇ ತಪ್ಪಾಗಿ ಕತ್ತರಿಸಿರುತ್ತೇನೆ. ಅವನ್ನು ಮನೆಗೆ ತಂದರೆ ಅಕ್ಕ ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ ಕತ್ತರಿಸಿ, ಒಂದೊಂದು ಚೂರಿಗೆ ಒಂದೊಂದು ಅಕ್ಷರ ಅಂಟಿಸಿ ಪೇಢೆ ಡಬ್ಬಿಗೆ ಹಾಕುತ್ತಿದ್ದಳು. ಕಣ್ಣು ಮುಚ್ಚಿ ಏಳು ಚೂರು ತೆಗೆಯಬೇಕು. ಅವುಗಳಿಂದ ಎಷ್ಟು ಶಬ್ದ ಆಗುತ್ತವೋ ಇಬ್ಬರೂ ಹುಡುಕಬೇಕು. ಉದ್ದನೆಯ ಶಬ್ದ ಕಂಡವರು ಗೆದ್ದ ಹಾಗೆ. ಗೆಲ್ಲುತ್ತಿದ್ದವಳು ಅವಳೇ. ಗೆದ್ದು ಅರ್ಥ ಬಿಡಿಸಿ ಹೇಳುವಾಗ ಅವಳ ದನಿ ಮತ್ತೆ ಶಾಲೆಯ ದನಿಯಾಗುತ್ತಿತ್ತು.

ನನಗೆ ಒಮ್ಮೆಯಾದರೂ ಅವಳು ಬೆರಗಾಗಿ ನನ್ನನ್ನು ನೋಡಲಿ ಎನ್ನಿಸಿತು. ಪಕ್ಕದ ಮೊಬೈಲ್ ಅಂಗಡಿಯವನು ನನ್ನ ಫೋನಿಗೆ ಒಂದು ಆ್ಯಪ್ ಹಾಕಿ ದಾರಿ ತೋರಿಸಿದ. ‘ಕಾಕಾ, ನಿಮ್ಮ ಕಡೆ ಇರೋ ಅಕ್ಷರ ಇಲ್ಲಿ ಒತ್ರಿ. ಆಗೋ ಶಬ್ದ ಎಲ್ಲಾ ತಾವ ಸಾಲಾಗಿ ಬರ್ತಾವ.’

ಎಲೆ-ಅಡಿಕೆ ಉಗುಳಲು ಹಿತ್ತಲಿಗೆ ಹೋಗುವುದು ನನ್ನ ಹಳೆಯ ಚಾಳಿ. ಅಂದು ಸಂಜೆ ಏಳು ಚೂರು ತೆಗೆದಾದ ಮೇಲೆ ಅದೇ ನೆಪದಲ್ಲಿ ಹಿತ್ತಲಿಗೆ ಹೋಗಿ, ಫೋನು ತೆಗೆದು ಆ ಅಕ್ಷರಗಳನ್ನು ಒತ್ತಿದೆ. ಮೊದಲ ಸಾಲಿನಲ್ಲಿದ್ದ ಶಬ್ದವನ್ನು ಬಾಯಿಪಾಠ ಮಾಡಿಕೊಂಡು ಬಂದು, ಏಳು ಚೂರುಗಳನ್ನೂ ಜೋಡಿಸಿದೆ. ಅಕ್ಕ ಕನ್ನಡಕ ಸರಿಮಾಡಿಕೊಂಡು ಓದಿದಳು: ‘ಸ್ಟ್ರೇಂಜ್.’

‘ಅಯ್ಯ, ಏಳಕ್ಕ ಏಳೂ! ಇದನ್ನ ಎಲ್ಲಿ ಕಲ್ತ್ಯೋ ತಮ್ಮಾ?’

‘ಯಾವಾಗೋ ಒಂದು ಆಟೋಕ್ಕ ಅಂಟಿಸಿದ್ದೆ.’

‘ಆಟೋದವ್ರು ನಮ್ಮ ಸಾಲಿ ಹುಡುಗರಕಿಂತ ಶಾಣ್ಯಾ ಅದಾರ ಬಿಡು’ ಎಂದು ನಕ್ಕಳು. ಮರುದಿನ ಕಂಪೌಂಡಿನ ಆಚೆಯ ಮನೆಯಾಕೆಗೆ ಕೂಗಿ ಹೇಳಿದಳು: ‘ನಮ್ಮ ತಮ್ಮ ಇಂಗ್ಲಿಷಿನ್ಯಾಗ ನನ್ನ ಸೋಲಸಾಕತ್ತಾನ್ರಿ!’

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಸಂಜೆಯಾದರೆ ಹಿತ್ತಲಿಗೆ ಹೋಗುತ್ತಿದ್ದೆ, ಬಂದು ಗೆಲ್ಲುತ್ತಿದ್ದೆ. ಅವಳ ನಗು ಕಡಿಮೆಯಾಗುತ್ತ ಬಂದದ್ದು ನನಗೆ ಕಾಣಲಿಲ್ಲ, ಅಥವಾ ಕಂಡೂ ಸುಮ್ಮನಿದ್ದೆ. ಒಂದು ದಿನ ಚೂರುಗಳನ್ನು ಕೈಯಲ್ಲಿ ಹಿಡಿದು ಹಾಗೇ ಕೂತಳು.

‘ಅಪ್ಪ ತಪ್ಪ ಮಾಡಿದಾ. ಕಳಸಬೇಕಾದವನ್ನ ಬಿಟ್ಟು ನನ್ನ ಸಾಲಿಗೆ ಕಳಿಸಿದಾ. ನೀ ಓದಿದ್ದರ ಎಲ್ಲಿಗೋ ಹೋಗತಿದ್ದಿ. ನಾ ಓದಿ ಏನ ಮಾಡಿದೆ ಹೇಳು?’

ಫೋನಿನ ಗುಟ್ಟನ್ನು ನಾನು ಆಗಲೂ ಹೇಳಲಿಲ್ಲ. ಮರುದಿನ ಫೋನನ್ನು ಅಂಗಡಿಯಲ್ಲೇ ಬಿಟ್ಟು ಬಂದೆ. ಆಡಿದೆ, ಸೋತೆ. ಮೂರು ಅಕ್ಷರದ ಶಬ್ದ ದಾಟಿ ನನಗೆ ಏನೂ ಹೊಳೆಯಲಿಲ್ಲ. ಅವಳು ನನ್ನ ಕೈ ಹಿಡಿದಳು. ‘ಬ್ಯಾಡ ತಮ್ಮಾ. ನನ್ನ ಸಲುವಾಗಿ ಒಮ್ಮೆ ಸೋತದ್ದು ಸಾಕು. ಮತ್ತ ಸೋಲಬ್ಯಾಡ.’

ನಿಜವಾಗಿ ಸೋತರೂ ಅವಳ ಕಣ್ಣಿಗೆ ಅದು ತ್ಯಾಗವೇ ಆಯಿತು. ಇನ್ನು ಸುಮ್ಮನಿದ್ದರೆ ಅವಳು ಓದಿದ್ದೆಲ್ಲ ಕದ್ದ ಮಾಲಿನಂತೆ ಅವಳಿಗೇ ಕಾಣುತ್ತದೆ ಎಂದು ಹೆದರಿದೆ. ಮುಂದಿನ ಸಂಜೆ ಫೋನು ತಂದು ಅವಳ ಮಡಿಲಲ್ಲಿಟ್ಟು ಎಲ್ಲ ಹೇಳಿದೆ. ಕೆರೆಯಲ್ಲಿ ಈಜಿದ್ದನ್ನೂ ಹೇಳಿದೆ.

ಅಕ್ಕ ತನ್ನ ಮುಂದಿದ್ದ ಅಕ್ಷರಗಳನ್ನು ಒಂದೊಂದಾಗಿ ಒತ್ತಿದಳು. ಶಬ್ದಗಳು ಸಾಲುಸಾಲಾಗಿ ಇಳಿದವು. ಬೆರಳಿನಿಂದ ಸರಿಸುತ್ತ ಕೊನೆಯವರೆಗೂ ನೋಡಿದಳು.

‘ಅಂದ್ರ ನೀ ಉಗಳಾಕ ಹೋಗತಿದ್ದಿಲ್ಲ.’

‘ಇಲ್ಲ.’

‘ಆಚಿ ಮನಿಯಾಕಿ ಮುಂದ ನಾ ಎಷ್ಟ ಹೇಳಕೊಂಡೇನಿ ಗೊತ್ತೈತೇನ ನಿನಗ?’ ಎಂದಳು. ಫೋನನ್ನು ನನ್ನ ಕಡೆ ಸರಿಸಿ, ‘ಸಾಲಿ ಬ್ಯಾಡಾಗಿತ್ತು ಅಂತ ಆಗನ ಹೇಳಿದ್ದರ ನಾ ಹಗುರಾಗಿ ಬದುಕತಿದ್ದೆ’ ಎಂದಳು. ಗೋಡೆ ಹಿಡಿದು ಎದ್ದು ಅಡುಗೆಮನೆಗೆ ಹೋದಳು.

ಅವಳು ಮತ್ತೆ ಆಡಲು ಬಂದಿಲ್ಲ. ಊಟಕ್ಕೆ ಕರೆಯುತ್ತಾಳೆ, ಔಷಧಿ ತಾ ಎನ್ನುತ್ತಾಳೆ, ಅಷ್ಟೇ. ನಾನು ಈಗಲೂ ಉಳಿದ ಅಕ್ಷರಗಳನ್ನು ಜೇಬಿನಲ್ಲಿ ತರುತ್ತೇನೆ. ಅವನ್ನು ಅಂಟಿಸುವವರಿಲ್ಲದೆ ನಾನೇ ಅಂಟಿಸುತ್ತೇನೆ, ಸೊಟ್ಟಗೆ. ಪಡಸಾಲೆಯಲ್ಲಿ ಒಬ್ಬನೇ ಏಳು ಚೂರು ಹರಡಿ ಕೂರುತ್ತೇನೆ. ಏನೋ ಒಂದು ಕೂಡಿಬರುತ್ತದೆ. ಅದು ಶಬ್ದ ಹೌದೋ ಅಲ್ಲವೋ ನನಗೆ ತಿಳಿಯುವುದಿಲ್ಲ.

ನಿನ್ನೆ ಧೈರ್ಯ ಮಾಡಿ ಕೇಳಿದೆ. ‘ಅಕ್ಕಾ, ಎಲ್, ಎ, ಎನ್, ಇ. ಹಿಂಗೊಂದು ಶಬ್ದ ಐತೇನ?’

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

‘ಫೋನಿಗೆ ಕೇಳು’ ಎಂದಳು.

ಫೋನನ್ನು ನಾನೀಗ ದಿನವೂ ಅಂಗಡಿಯಲ್ಲೇ ಬಿಟ್ಟು ಬರುತ್ತೇನೆ. ಅದನ್ನು ಅವಳಿಗೆ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು.