ಹರಿವೆ ಎಲೆಯ ಮೇಲಿನ ಕೊನೆಯ ಪೊರೆ

“ಅದು ಬೆಳಿಗ್ಗೆ ಹುಟ್ಟಿ ಸಂಜೆ ಸಾಯುವ ಹುಳ. ಸಾಯುವುದರೊಳಗೆ ಸಿಕ್ಕಿದ ಸೊಪ್ಪನ್ನೆಲ್ಲ ತಿಂದು, ಅದರ ಮೇಲೆಯೇ ಸತ್ತು ಬಿದ್ದಿರುತ್ತದೆ.”

ಕಾರವಾರದ ಭಾನುವಾರದ ಸಂತೆಯಿಂದ ಅಂಕೋಲೆಯ ನಮ್ಮ ಕೇರಿಯವರೆಗೆ ಈ ಮಾತನ್ನು ಹಲವರ ಬಾಯಲ್ಲಿ ಕೇಳಿದ್ದೇನೆ. ಇದರಲ್ಲಿ ಮೂರು ತಪ್ಪುಗಳಿವೆ. ಮೂರನೆಯದರಲ್ಲಿ ನಾನೂ ಪಾಲುದಾರನಾಗಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಕಾರವಾರದ ಕೋಡಿಬಾಗದ ಸಣ್ಣ ಅಂಗಡಿಯೊಂದರಲ್ಲಿ ಜಮೀನಿನ ನಕ್ಷೆಗಳನ್ನು ನಕಲು ಮಾಡುತ್ತ ಬದುಕಿದೆ. ಹಳೆಯ ನಕ್ಷೆಯ ತಪ್ಪು ಹೊಸ ನಕ್ಷೆಗೆ ಎಷ್ಟು ಅಂದವಾಗಿ ಇಳಿಯುತ್ತದೆ ಎಂಬುದನ್ನು ಆ ಕೆಲಸವೇ ಕಲಿಸಿತು. ಕೆಲಸ ಬಿಟ್ಟು ಅಂಕೋಲೆಗೆ ಬಂದ ಮೇಲೆ, ಉಳಿದಿದ್ದ ಮಸೂರವನ್ನು ಹಿಡಿದು ಮನೆಯ ಹಿಂದಿನ ಹಳ್ಳದ ಕಲ್ಲುಗಳನ್ನು ಮಗುಚತೊಡಗಿದೆ.

ಕಲ್ಲಿನ ಅಡಿಗೆ ಅಂಟಿಕೊಂಡು ಅಕ್ಕಿಕಾಳಿಗಿಂತ ತುಸು ಉದ್ದದ ಚಪ್ಪಟೆ ಮರಿಗಳಿದ್ದವು. ಆರು ಕಾಲು, ಹಿಂದೆ ಕೂದಲಿನಂಥ ಮೂರು ಬಾಲ, ಹೊಟ್ಟೆಯ ಎರಡೂ ಬದಿಗೆ ಎಲೆಯಾಕಾರದ ಕಿವಿರುಗಳು. ಪುಸ್ತಕಗಳು ಮೇಫ್ಲೈ ಎನ್ನುವ ಈ ಜೀವಿಗೆ ನಮ್ಮ ಕೇರಿಯಲ್ಲಿ ಹಳ್ಳದ ಹುಳ ಎಂಬುದಕ್ಕಿಂತ ಹೆಚ್ಚಿನ ಹೆಸರಿಲ್ಲ. ದೀಪಾವಳಿ ಕಳೆದ ಮೇಲೆ ಕೆಲವನ್ನು ಬೋಗುಣಿಯಲ್ಲಿಟ್ಟು, ಪಾಚಿಗಟ್ಟಿದ ಕಲ್ಲು ಹಾಕಿ, ದಿನವೂ ಹಳ್ಳದ ನೀರು ಬದಲಿಸಿದೆ. ಅವು ಪಾಚಿ ಕೆರೆದು ತಿಂದವು. ಮತ್ತೆ ಮತ್ತೆ ಪೊರೆ ಬಿಟ್ಟವು. ಬೆನ್ನಿನ ಮೇಲಿನ ರೆಕ್ಕೆಯ ಮೊಗ್ಗುಗಳು ಕಪ್ಪಾದವು. ಶಿವರಾತ್ರಿಯ ಹೊತ್ತಿಗೆ ಒಂದೊಂದಾಗಿ ನೀರಿನ ಮೇಲೆ ಬಂದು, ಬೆನ್ನು ಬಿರಿದು, ಮಂಕು ರೆಕ್ಕೆ ತಳೆದು ಕಿಟಕಿಯಿಂದ ಹಾರಿಹೋದವು. ಒಂದೇ ದಿನದ ಆಯುಷ್ಯ ಎನ್ನುವವರು ಇಡೀ ಚಳಿಗಾಲವನ್ನೇ ಮರೆತಿದ್ದಾರೆ.

ಅದೇ ವಾರ ಪಕ್ಕದ ಮನೆಯವಳು ತುಂಬಿದ ಬುಟ್ಟಿಯೊಂದಿಗೆ ಕಾರವಾರದ ಬಸ್ಸಿನಿಂದ ಇಳಿದಳು. ಹಳ್ಳದ ದಂಡೆಯಲ್ಲಿ ಹರಿವೆ ಬೆಳೆದು, ಸಂತೆಯ ಅಂಗಡಿಯವಳೊಬ್ಬಳಿಗೆ ಕೊಡುವುದೇ ಅವಳ ಜೀವನ.

“ಒಂದು ಕಟ್ಟೂ ಮುಟ್ಲಿಲ್ಲ ಅಜ್ಜಾ. ಎಲೆ ತುಂಬ ತೂತು, ಹುಳದ ಸೊಪ್ಪು ಹೇಳಿ ವಾಪಸ್ ಕಳ್ಸಿದ್ಲು. ಬರೂ ಭಾನ್ವಾರ ಹಿಂಗೇ ಇದ್ರೆ ಬ್ಯಾರೆಯವ್ರ ಹತ್ರ ತಕಣ್ತಾಳಂತೆ.”

“ಈಗ ಎಂತ ಮಾಡ್ತೆ?”

“ಮಾಡೂದೆಂತ? ಭಾವನ ಪಂಪು ತಂದಿಟ್ಟಾಗಿದೆ. ನಾಳೆ ಔಷ್ದಿ ಹೊಡಿಯೂದೇ.”

ಅವಳ ಸೊಪ್ಪಿನ ಮಡಿಗೆ ಹೊಡೆದದ್ದು ಹಳ್ಳಕ್ಕೆ ಇಳಿಯದೆ ಇರುವುದಿಲ್ಲ. ನಾನು ಬುಟ್ಟಿಯನ್ನು ಕೆದಕಿ, ಜೀವವಿದ್ದ ಹುಳವೊಂದನ್ನು ಗಾಜಿನ ಲೋಟದಡಿ ಹಿಡಿದು ಅವಳ ಕೈಗೆ ಮಸೂರ ಕೊಟ್ಟೆ.

“ಇದರ ಬಾಯಿ ಎಲ್ಲದೆ, ತೋರ್ಸು.”

ಬಹಳ ಹೊತ್ತು ನೋಡಿದಳು. ರೆಕ್ಕೆ ಬಂದ ಹುಳಕ್ಕೆ ಬಾಯಿಯ ಜಾಗದಲ್ಲಿ ಒಣಗಿದ ಚೂರುಗಳಷ್ಟೇ ಉಳಿದಿರುತ್ತವೆ. ಅನ್ನನಾಳದಲ್ಲಿ ಗಾಳಿ ಮಾತ್ರ. ತಿನ್ನುವ ಕೆಲಸವನ್ನು ಅದು ನೀರಿನಲ್ಲೇ ಮುಗಿಸಿ ಬಂದಿರುತ್ತದೆ.

“ಬಾಯಿಲ್ದೆ ಹೋದ್ರೂ ಹೆಣ ಅಂತೂ ನನ್ನ ಸೊಪ್ಪಿನ ಮೇಲೇ ಬೀಳ್ತದಲ್ಲ,” ಎನ್ನುತ್ತ ಎಲೆಗೆ ಅಂಟಿದ್ದ ಬೂದುಬಣ್ಣದ ಒಂದನ್ನು ಬಿಡಿಸಿ ಮಸೂರದಡಿ ಹಿಡಿದಳು. ಆಮೇಲೆ ಅವಳ ಧ್ವನಿ ಬದಲಾಯಿತು. “ಅಜ್ಜಾ, ಇದು ಹೆಣ ಅಲ್ಲ. ಒಳ್ಗೆ ಎಂತದೂ ಇಲ್ಲ, ಬೆನ್ನು ಸೀಳಿದೆ. ಸಿಗಡಿ ಸಿಪ್ಪೆ ಹಾಂಗೆ.”

“ರೆಕ್ಕೆ ಸಮೇತ ಇದೆಯಲ್ಲ, ಹೆಣವೇ. ರೆಕ್ಕೆ ಬಂದ ಮೇಲೆ ಯಾವ ಕೀಟವೂ ಪೊರೆ ಬಿಡೂದಿಲ್ಲ. ಪುಸ್ತಕದಲ್ಲೇ ಅದೆ.”

“ಊರವ್ರ ಮಾತು ನಂಬಬೇಡ ಹೇಳ್ತ್ರಿ. ಪುಸ್ತಕದವ್ರ ಮಾತು ಮಾತ್ರ ನಂಬಬೇಕಾ?”

“ಹಾಂಗಾರೆ ನಾಳೆ ಬೆಳಿಗ್ಗೆ ಮಡಿಗೇ ಹೋಗಿ ನೋಡುವ,” ಎಂದೆ. ಒಂದು ಬೆಳಿಗ್ಗೆಯ ಮಟ್ಟಿಗೆ ಪಂಪನ್ನು ಮೂಲೆಗಿಡಲು ಅವಳು ಒಪ್ಪಿದಳು. ಎಲೆ ತಿನ್ನುವುದು ಅದೇ ಎಂದು ಕಣ್ಣಾರೆ ಕಂಡರೆ ಔಷಧಿ ಹೊಡೆಯುವವಳೇ.

ಮರುದಿನ ಬೆಳಕು ಹರಿಯುವಾಗ ಇಬ್ಬರೂ ಮಡಿಯ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತೆವು. ಎಲೆಯೊಂದರ ಮೇಲೆ ಮಂಕು ರೆಕ್ಕೆಯ ಹುಳ ಅಲುಗಾಡದೆ ನಿಂತಿತ್ತು. ಅದರ ಬೆನ್ನು ಬಿರಿಯಿತು. ಮೊದಲು ತಲೆ, ಆಮೇಲೆ ಕಾಲುಗಳು, ಕೊನೆಗೆ, ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ, ರೆಕ್ಕೆಯ ಒಳಗಿನಿಂದ ರೆಕ್ಕೆ, ಕೈಗವಸಿನಿಂದ ಕೈ ಬರುವಂತೆ ಬಂದಿತು. ಹೊಸ ರೆಕ್ಕೆ ತಿಳಿಗಾಜಿನಂತಿತ್ತು. ಬಾಲಗಳು ಮೊದಲಿಗಿಂತ ಉದ್ದವಾಗಿದ್ದವು. ಸ್ವಲ್ಪ ಹೊತ್ತು ನಿಂತು ಅದು ಹಳ್ಳದ ಮೇಲೆ ಹಾರಿತು. ಅಲ್ಲಿ ಕೂಡಿ, ನೀರಿಗೆ ಮೊಟ್ಟೆ ಇಳಿಸುವುದಷ್ಟೇ ಅದಕ್ಕೆ ಉಳಿದಿದ್ದ ಕೆಲಸ. ಪೊರೆ ನಿಂತಿದ್ದ ಎಲೆಯಲ್ಲಿ ಒಂದು ತೂತೂ ಇರಲಿಲ್ಲ.

“ಕಂಡ್ರಾ?” ಎಂದಳು.

“ಕಂಡೆ. ನೀನು ಹೇಳಿದ್ದೇ ಸರಿ.”

“ಹಾಂಗಾರೆ ನನ್ನ ಸೊಪ್ಪು ತಿಂತಿದ್ದದ್ದು ಯಾರು?”

ಪಕ್ಕದ ಎಲೆಗಳನ್ನು ಮಗುಚಿದಾಗ ಹಸಿರು ಕಂಬಳಿಹುಳಗಳು ಸಿಕ್ಕವು. ಆ ವಾರವೆಲ್ಲ ಅವಳು ಅವನ್ನು ಕೈಯಿಂದಲೇ ಹೆಕ್ಕಿದಳು. ಪಂಪು ತೊಟ್ಟೂ ಹೊಡೆಯದೆ ಭಾವನ ಮನೆಗೆ ಮರಳಿತು.

ಭಾನುವಾರ ಕಟ್ಟುಗಳನ್ನು ಹಳ್ಳದಲ್ಲಿ ಅದ್ದಿ ತೊಳೆದು, ಪೊರೆಯೊಂದನ್ನು ಗಾಜಿನ ಪುಟ್ಟ ಬಾಟಲಿಯಲ್ಲಿ ಹಾಕಿಕೊಂಡು, ಇಬ್ಬರೂ ಬಸ್ಸು ಹತ್ತಿದೆವು. ಅಂಗಡಿಯವಳು ಮೊದಲು ಸೊಪ್ಪನ್ನು, ಆಮೇಲೆ ಮಸೂರದಲ್ಲಿ ಬಾಟಲಿಯನ್ನು ನೋಡಿದಳು.

“ಬಾಯಿಲ್ಲದ ಹುಳವಂತೆ! ನಮ್ಮನೆಯವ್ರೂ ಹಾಂಗಿದ್ದಿದ್ರೆ ನನ್ಗೆ ಅಡುಗೆ ಕೆಲ್ಸವೇ ಇರ್ತಿರ್ಲಿಲ್ಲ.” ನಕ್ಕು ಕಟ್ಟುಗಳನ್ನು ತನ್ನೆಡೆಗೆ ಎಳೆದುಕೊಂಡಳು. “ತೊಳ್ದೇ ತಾ ಮಾರಾಯ್ತಿ. ಹುಳವೋ ಪೊರೆಯೋ, ಗಿರಾಕಿ ಕಣ್ಣಿಗೆ ಬೀಳಬಾರ್ದು. ಆ ಬಾಟ್ಲಿ ಮಾತ್ರ ಇಲ್ಲೇ ಇರ್ಲಿ. ಕೇಳಿದವ್ರಿಗೆ ನಾನೇ ಹೇಳ್ತೆ.”

ಈಗಲೂ ಅಂಗಡಿಯವಳು ಅದೇ ಹರಿವೆಯನ್ನು ಮಾರುತ್ತಾಳೆ. ಬಾಟಲಿ ಅವಳ ತಕ್ಕಡಿಯ ಪಕ್ಕದಲ್ಲಿದೆ: ಸೀಳಿದ ಬೆನ್ನು, ಖಾಲಿ ಕಾಲುಗಳು, ಮಂಕು ರೆಕ್ಕೆಗಳ ಸುಕ್ಕುಗಟ್ಟಿದ ಚರ್ಮ, ಎಲ್ಲವೂ ಹಾಗೆಯೇ. ನನ್ನ ಮಾತಿನಲ್ಲಿ ಸಂಶಯವಿದ್ದವರು ಯಾವ ಭಾನುವಾರವಾದರೂ ಹೋಗಿ ಕೇಳಬಹುದು. ತೆಗೆದು ತೋರಿಸುತ್ತಾಳೆ, ಹತ್ತಿರದಿಂದ ನೋಡುವಾಗ ಉಸಿರು ಬಿಗಿಹಿಡಿಯಬೇಕು, ಅಷ್ಟೆ.