ಬಾಡಿಗೆ ಕಾರಿಗೆ ಅಜ್ಜ ಒಡೆದ ಕಾಯಿ

ನನ್ನ ಬಾಯಿ ಚಿಕ್ಕಂದಿನಿಂದಲೂ ಜೋರು. ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುವ ಚಾಳಿಯಿಂದಾಗಿ ಸೊರಬದ ನಮ್ಮ ಕೇರಿಯಲ್ಲಿ ನನಗೆ ಗೆಳತಿಯರಿಗಿಂತ ಮುನಿಸಿಕೊಂಡವರೇ ಹೆಚ್ಚು. ಅದಕ್ಕೇ ಮದುವೆಯ ಮಾರನೆಯ ಬೆಳಿಗ್ಗೆ ನಾನು ಗಂಡನ ಮನೆಗೆ ಹೊರಟಾಗ ನಮ್ಮವ್ವ ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ, ನನ್ನನ್ನು ಅಡುಗೆಮನೆಯ ಮೂಲೆಗೆ ಎಳೆದುಕೊಂಡು ಹೋದಳು.

“ನೋಡೇ, ಅಲ್ಲಿ ಹೋಗಿ ಬಾಯಿ ಬಿಡಬೇಡ. ಕೇಳಿದ್ದಕ್ಕೆ ಹೂಂ ಅನ್ನು, ಇಲ್ಲಾಂದ್ರೆ ಊಹೂಂ ಅನ್ನು. ಒಂದು ವರ್ಷ ಹಾಗಿರು ಸಾಕು. ಆಮೇಲೆ ಏನಾದ್ರೂ ಬಡ್ಕೋ.”

ನಾನು ಹೂಂ ಎಂದೆ. ಆ ಮಾತನ್ನು ಒಂದು ದಿನವೂ ನೆಟ್ಟಗೆ ಉಳಿಸಿಕೊಳ್ಳಲಿಲ್ಲ.

ನನ್ನನ್ನು ಕರೆದೊಯ್ಯಲು ಗಂಡಿನ ಕಡೆಯವರು ಶಿಕಾರಿಪುರದಿಂದ ಕಾರು ತಂದಿದ್ದರು. ಐವತ್ತರ ದಶಕ ಮುಗಿಯುತ್ತಿದ್ದ ದಿನಗಳು. ದಿಬ್ಬಣವೆಂದರೆ ಎತ್ತಿನ ಗಾಡಿ, ಸ್ವಲ್ಪ ಉಳ್ಳವರಾದರೆ ಬಸ್ಸು. ಕಾರು ಬಂತೆಂದರೆ ಇಡೀ ಕೇರಿ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅವರ ಸ್ವಂತದ್ದೇನಲ್ಲ, ಬಾಡಿಗೆಯದು. ಶಿಕಾರಿಪುರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಸಾಹುಕಾರರೊಬ್ಬರು ತಮ್ಮ ಕಪ್ಪು ಕಾರನ್ನು ಡ್ರೈವರ್ ಸಮೇತ ಮದುವೆಗಳಿಗೆ ಬಾಡಿಗೆಗೆ ಬಿಡುತ್ತಿದ್ದರು. ಬಿಡುತ್ತಿದ್ದರು ಅಂದರೆ, ಹೆತ್ತ ಮಗಳನ್ನು ಕಳಿಸಿಕೊಟ್ಟ ಹಾಗೆ. ಕಾರು ತಿರುಗಿ ಬಂದ ಕೂಡಲೇ ಪಂಚೆಯ ಚುಂಗಿನಿಂದ ಮೂಲೆಮೂಲೆಯನ್ನೂ ಒರೆಸಿ ನೋಡುತ್ತಾರಂತೆ. ಗೀರು ಕಂಡರೆ ಡ್ರೈವರನಿಗೆ ಮನೆಯ ದಾರಿ. ಹಿಂದಿನವನು ಹೋದದ್ದೂ ಹಾಗೆಯೇ. ಇದನ್ನೆಲ್ಲ ಹೇಳಿದವನು ಆ ಡ್ರೈವರೇ. ನಡುವಯಸ್ಸಿನ ಮನುಷ್ಯ, ಮನೆ ತುಂಬ ಮಕ್ಕಳು. ದಾರಿಯಲ್ಲಿ ಕೋಳಿ ಅಡ್ಡ ಬಂದರೂ ಕಾರು ನಿಲ್ಲಿಸಿ, ಅದು ಆಚೆ ಹೋಗುವತನಕ ಕಾಯುತ್ತಿದ್ದ.

ಡ್ರೈವರ್ ಪಕ್ಕದಲ್ಲಿ ನನ್ನ ಗಂಡನ ಅಜ್ಜ ಕೂತಿದ್ದರು. ಹಿಂದಿನ ಸೀಟಿನಲ್ಲಿ ಮಾವ, ನಡುವೆ ಗಂಡ, ಕಿಟಕಿಯ ಪಕ್ಕ ನಾನು. ಅಜ್ಜ ಆ ಮನೆಯ ಯಜಮಾನರು. ನೆಟ್ಟಗಿನ ಬೆನ್ನು, ಬಿಳಿ ರುಮಾಲು, ಗಡಸು ದನಿ. ಅವರು ಕೂತರೆ ಉಳಿದವರು ಕೂರಬೇಕು, ಅವರು ನಕ್ಕರೆ ಉಳಿದವರು ನಗಬೇಕು. ಆ ಮನೆಗೆ ಹೊಸದು ಏನೇ ಬರಲಿ, ಗಾಡಿಯೋ ಎತ್ತೋ ಸೊಸೆಯೋ, ಕಾಯಿ ಒಡೆಯುವುದು ಅಜ್ಜನ ಕೈಯೇ. ಅದರಲ್ಲೂ ಒಂದು ಪದ್ಧತಿ ಇತ್ತು. ಹೊಸ ಗಾಡಿಗೆ ಕಾಯಿ ಒಡೆಯುವಾಗ ನೆಲದ ಕಲ್ಲಿಗೆ ಕುಟ್ಟುವಂತಿಲ್ಲ, ಗಾಲಿಯ ಕಬ್ಬಿಣದ ಪಟ್ಟಿಗೇ ಕುಟ್ಟಬೇಕು. ಕಾಯಿ ಕಬ್ಬಿಣಕ್ಕೆ ತಗುಲಿದರೇ ದೃಷ್ಟಿ ಇಳಿಯುವುದು ಎಂದು ಅವರ ನಂಬಿಕೆ.

ಆ ಬೇಸಿಗೆ ದೃಷ್ಟಿ ಇಳಿಸುವ ಕೆಲಸ ಸ್ವಲ್ಪ ಜಾಸ್ತಿಯೇ ಇತ್ತು. ನಮ್ಮ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಜನಕ್ಕೂ ಕೆಟ್ಟ ಜ್ವರ ಬರುತ್ತಿದೆ ಎಂಬ ಸುದ್ದಿ ಹಬ್ಬಿ, ಸೊರಬದ ಕಡೆಯವರು ಎದುರಿಗೆ ಬಂದರೆ ಶಿಕಾರಿಪುರದವರು ಒಂದು ಮಾರು ಹಿಂದೆ ಸರಿಯುತ್ತಿದ್ದರು. ಅಂಥದ್ದರಲ್ಲಿ ಸೊರಬದಿಂದ ಸೊಸೆ ತರುವುದೆಂದರೆ! ಮನೆ ಬಾಗಿಲಲ್ಲಿ ಒಡೆಯುವ ಕಾಯಿ ಸಾಲದು, ಊರು ಹೊಗುವ ಮೊದಲೇ ಕೆರೆ ಏರಿಯ ಹತ್ತಿರ ಇನ್ನೊಂದು ಒಡೆಯಬೇಕು ಎಂದು ಅಜ್ಜ ತೀರ್ಮಾನಿಸಿದ್ದರು. ನಾನೇನು ಮಂಗನಾ ಎಂದು ಕೇಳುವುದಕ್ಕೆ ನಾಲಿಗೆ ತುರಿಸಿತು. ಸೆರಗು ಕಚ್ಚಿಕೊಂಡೆ.

ಏರಿಯ ಹತ್ತಿರ ಬರುವ ಹೊತ್ತಿಗೆ ಕಾರಿನ ಮೂತಿಯಿಂದ ಹೊಗೆ ಏಳತೊಡಗಿತು. ಡ್ರೈವರ್ ಡಬ್ಬ ಹಿಡಿದು, “ರೇಡಿಯೇಟರಿಗೆ ನೀರು ತರ್ತೀನ್ರೀ, ಕಾಯಿ ಅಲ್ಲೇ ಕಲ್ಲಿನ ಮ್ಯಾಲೆ ಒಡೀರಿ, ಕಾರಿಗೆ ತಾಗ್ಸಬ್ಯಾಡ್ರೀ” ಎಂದು ಹೇಳಿ ಕೆರೆಗೆ ಇಳಿದುಹೋದ. ಕಲ್ಲಿನ ಮೇಲಂತೆ! ಅಜ್ಜ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ರಾಹುಕಾಲ ಬೇರೆ ಹತ್ತಿರವಾಗುತ್ತಿತ್ತು. ಕಾಯಿ ಹಿಡಿದು ಕಾರಿನ ಮುಂದೆ ಹೋಗಿ ನಿಂತರು, ಮೂರು ಸುತ್ತು ನಿವಾಳಿಸಿ ಇಳಿ ತೆಗೆದರು, ಬಲಗೈ ಎತ್ತಿದರು.

ಗಾಲಿಯ ಪಟ್ಟಿಯ ಬದಲು ಕಾಯಿ ಕಾರಿನ ಬಂಪರಿಗೆ ಬೀಳಬೇಕಿತ್ತು. ಬಿದ್ದದ್ದು ಪಕ್ಕದ ಮಡ್ಗಾರ್ಡಿಗೆ. ಧಬ್ ಎಂದು ಖಾಲಿ ಡಬ್ಬ ಬಿದ್ದಂಥ ಸದ್ದು. ಕಾಯಿ ಒಡೆಯಲಿಲ್ಲ. ಅಜ್ಜ “ಗಟ್ಟಿ ಕಾಯಿ” ಎಂದು ಗೊಣಗಿ, ಈ ಸಲ ಸ್ವಲ್ಪ ಕೆಳಗೆ ಕುಟ್ಟಿದರು. ಬಂಪರಿಗೆ ತಗುಲಿ ಕಾಯಿ ಸರಿಯಾಗಿ ಎರಡು ಹೋಳಾಯಿತು. ತೃಪ್ತಿಯಿಂದ ಬಂದು ತಮ್ಮ ಸೀಟಿನಲ್ಲಿ ಕೂತರು.

ಮಡ್ಗಾರ್ಡಿನಲ್ಲಿ ಅಂಗೈಯಷ್ಟು ಅಗಲದ ತಗ್ಗು ಬಿದ್ದಿತ್ತು. ಬಣ್ಣದ ಚಕ್ಕೆ ಎದ್ದು ಒಳಗಿನ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ನಾನೂ ನೋಡಿದೆ, ಗಂಡನೂ ನೋಡಿದ, ಮಾವನೂ ನೋಡಿದರು. ಮಾವ ಮೆಲ್ಲಗೆ ಇಳಿದು, ಪೂಜೆಯ ತಟ್ಟೆಯಲ್ಲಿದ್ದ ಅರಿಶಿನ ಕುಂಕುಮಕ್ಕೆ ಒಡೆದ ಕಾಯಿಯ ನೀರು ಹನಿಸಿ ಕಲಸಿ, ಆ ತಗ್ಗಿನ ಮೇಲೆ ದಪ್ಪಗೆ ಮೆತ್ತಿದರು. ಒಂದು ಕಡೆ ಮಾತ್ರ ಮೆತ್ತಿದರೆ ಅನುಮಾನ ಬರುತ್ತದೆಂದು ಇನ್ನೊಂದು ಮಡ್ಗಾರ್ಡಿಗೂ ಮೆತ್ತಿದರು. ನನ್ನ ಗಂಡ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಮದುವೆಯಾದ ಮೇಲೆ ಅವನು ನನಗೆ ಹೇಳಿದ ಮೊದಲ ಮಾತು ಅದು! ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಡ್ರೈವರ್ ನೀರು ತಂದ, ಕುಂಕುಮ ನೋಡಿ ಎರಡೂ ಕಣ್ಣಿಗೆ ಕೈ ಒತ್ತಿಕೊಂಡ, ಗಾಡಿ ಬಿಟ್ಟ.

ಆ ಸಂಜೆ ಕಾರು ಹೋಗಿ ನಿಂತಾಗ ಸಾಹುಕಾರರೂ ಕುಂಕುಮಕ್ಕೆ ಕೈ ಮುಗಿದರಂತೆ. ಕುಂಕುಮವನ್ನು ಪಂಚೆಯಿಂದ ಒರೆಸುವುದುಂಟೇ? ಎಂಥಾ ದೈವಭಕ್ತರ ಮನೆ ಎಂದು ನಮ್ಮನ್ನು ಹೊಗಳಿ ಒಳಗೆ ಹೋದರಂತೆ. ಮಾರನೆಯ ಬೆಳಿಗ್ಗೆ ಡ್ರೈವರ್ ಕಾರು ತೊಳೆದ. ಕುಂಕುಮ ನೀರಿನಲ್ಲಿ ಹರಿದುಹೋಯಿತು, ತಗ್ಗು ಉಳಿಯಿತು.

ಸಾಹುಕಾರರು ಅದೇ ಕಾರಿನಲ್ಲಿ, ಅದೇ ಡ್ರೈವರನ ಜೊತೆ ನಮ್ಮ ಮನೆಗೆ ಬಂದರು. ಬೀದಿ ಬಾಗಿಲ ಕಟ್ಟೆಯ ಮೇಲೆ ಅಜ್ಜ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ಮಾವ ಪಕ್ಕದಲ್ಲಿ, ಗಂಡ ಕಂಬಕ್ಕೆ ಒರಗಿಕೊಂಡು. ಹೊಸ ಸೊಸೆಯ ಕೈಯಲ್ಲಿ ಕಾಫಿ ಕಳಿಸಿದರೆ ಚೆಂದ ಎಂದು ಅತ್ತೆ ನನ್ನ ಕೈಗೆ ತಟ್ಟೆ ಕೊಟ್ಟಿದ್ದರು. ನಾನು ಹೊಸ್ತಿಲ ಹತ್ತಿರ ಬರುವಾಗ ಸಾಹುಕಾರರ ದನಿ ಏರಿತ್ತು.

“ನಿಮ್ಮ ಮ್ಯಾಲೆ ನನಗೇನೂ ಸಿಟ್ಟಿಲ್ರೀ. ಇವನು ಎಲ್ಲೋ ಗುದ್ದಿಸ್ಯಾನೆ, ಆಮೇಲೆ ಕುಂಕುಮ ಮೆತ್ತಿ ಮುಚ್ಯಾನೆ. ದೇವರ ಹೆಸರಲ್ಲಿ ಮೋಸ! ನಾನು ಬೇರೆ ಅದಕ್ಕೆ ಕೈ ಮುಗಿದೆ.”

“ಮಕ್ಕಳಾಣೆ ನಂಗೆ ಗೊತ್ತಿಲ್ರೀ,” ಡ್ರೈವರ್ ಅಳುವುದೊಂದು ಬಾಕಿ. “ನಾನು ನೀರಿಗೆ ಹೋಗಿದ್ದೆ. ಬರೋ ಹೊತ್ತಿಗೆ ಕುಂಕುಮ ಹಚ್ಚಿತ್ತು. ಪೂಜೆ ಮಾಡ್ಯಾರೆ ಅಂದ್ಕೊಂಡೆ.”

ಮಾವ ಕೆಮ್ಮಿದರು. “ಹೋಗ್ಲಿ ಬಿಡ್ರೀ ಸಾಹುಕಾರ್ರೆ. ದಾರಿಲಿ ಎಮ್ಮೆ ಗಿಮ್ಮೆ ತಾಗಿರ್ಬೇಕು. ರಿಪೇರಿ ನಾನೇ ಮಾಡಿಸ್ಕೊಡ್ತೀನಿ.”

“ತಗ್ಗು ರಿಪೇರಿ ಆಗ್ತೈತ್ರೀ. ಸುಳ್ಳು ಹೇಳೋನ ಕೈಗೆ ಕಾರು ಹೆಂಗೆ ಕೊಡ್ಲಿ? ಲೇ, ಚಾವಿ ಇಡು ಇಲ್ಲಿ. ನಾಳೆಯಿಂದ ಬರಬ್ಯಾಡ.”

ಮಾವ ಕೆಟ್ಟವರಲ್ಲ. ರಿಪೇರಿಗೆ ಎಷ್ಟಾದರೂ ಕೊಡುತ್ತಿದ್ದರು, ಆ ವಿಷಯದಲ್ಲಿ ಕೈ ದೊಡ್ಡದು. ಅಪ್ಪನ ಕೈ ತಪ್ಪಿತು ಎಂಬ ಒಂದು ಮಾತನ್ನು ಮಾತ್ರ ಅವರಿಂದ ಆಡಲಾಗುತ್ತಿರಲಿಲ್ಲ. ಗಂಡ ಕಂಬದ ಮೇಲೆ ಇಲ್ಲದ ಗೀರನ್ನು ಉಗುರಿನಿಂದ ಕೆರೆಯುತ್ತಿದ್ದ. ಡ್ರೈವರ್ ಜೇಬಿನಿಂದ ಚಾವಿ ತೆಗೆದು ಕಟ್ಟೆಯ ಮೇಲಿಟ್ಟ.

ಸಿಟ್ಟಿಗೆ ನಾನು ತಟ್ಟೆಯ ಸಮೇತ ಹೊಸ್ತಿಲು ದಾಟಿದೆ.

“ಅವರು ಗುದ್ದಿಸಿಲ್ಲ,” ಎಂದೆ. “ಅಜ್ಜ ಕಾಯಿ ಒಡೆಯುವಾಗ ತಾಗಿದ್ದು ಅದು. ಡ್ರೈವರ್ ಅಲ್ಲಿ ಇರಲೇ ಇಲ್ಲ. ಕುಂಕುಮ ಹಚ್ಚಿದ್ದೂ ನಮ್ಮ ಮನೆಯವರೇ.”

ಎಲ್ಲರೂ ನನ್ನ ಕಡೆ ತಿರುಗಿದರು. ಒಳಗಿನಿಂದ ಅತ್ತೆ “ಶಿವಶಿವಾ” ಎಂದದ್ದು ಕೇಳಿಸಿತು.

ಅಜ್ಜ ಎಲೆ ಅಡಿಕೆ ಉಗುಳಿದರು. “ಏನಂದಿ? ನಾನು ಬಂಪರಿಗಲ್ವಾ ಒಡೆದಿದ್ದು?”

“ಎರಡನೇ ಸಲ ಬಂಪರಿಗೆ, ಅಜ್ಜ. ಮೊದಲನೇದು ಮಡ್ಗಾರ್ಡಿಗೆ.”

ನನಗೆ ಕಪಾಳಕ್ಕೆ ಬೀಳುತ್ತದೆ ಎಂದೇ ಅಂದುಕೊಂಡೆ. ಅಜ್ಜ ಎದ್ದರು, ಕಟ್ಟೆ ಇಳಿದರು, ಕಾರಿನ ಹತ್ತಿರ ಹೋದರು. ದೀಪದ ಗಾಜಿನಿಂದ ಶುರುಮಾಡಿ ಮೆಲ್ಲಗೆ ಕೈಯಾಡಿಸುತ್ತಾ ಬಂದರು. ತಗ್ಗು ಸಿಕ್ಕಿತು. ಅಂಗೈ ಅದರೊಳಗೆ ಇಟ್ಟು ಹಾಗೇ ನಿಂತರು. ಬೆಳಗಿನ ಬಿಸಿಲು ನೇರ ಅದರ ಮೇಲೇ ಬಿದ್ದಿತ್ತು, ಆದರೂ ಅವರು ಕೈಯಿಂದ ಹುಡುಕಿದ್ದರು. ಆಗ ನನಗೆ ಅರ್ಥವಾಯಿತು.

ಅಜ್ಜ ಮಗನನ್ನು ಕೇಳಿದರು. “ನಿನಗೆ ಗೊತ್ತಿತ್ತಾ?”

“ಅಪ್ಪಾ, ನಿಮ್ಮ ಮರ್ಯಾದೆ...”

“ನನ್ನ ಮರ್ಯಾದೆ ಉಳಿಸಾಕೆ ಇವನ ಅನ್ನ ಕಿತ್ಕಣ್ತಿದ್ಯಾ? ನಾನು ಕೇಳಿದ್ನಾ ನಿನ್ನ?” ಆ ದನಿಗೆ ಬೀದಿಯ ಆಚೆ ಮನೆಯವರೂ ಹೊರಗೆ ಬಂದರು. ಅಜ್ಜ ಅವರ ಕಡೆ ನೋಡದೆ ಸಾಹುಕಾರರಿಗೆ ಹೇಳಿದರು. “ಚಾವಿ ಅವನಿಗೆ ಕೊಡ್ರೀ. ನನಗೆ ಕಣ್ಣು ಕಾಣ್ತಿಲ್ಲ. ವರ್ಷದ ಮ್ಯಾಲಾತು. ಮನೇಲಿ ಯಾರಿಗೂ ಹೇಳಿಲ್ಲ. ಬಂಪರ್ ಎಲ್ಲೈತೆ ಅಂತ ಅಂದಾಜಿನ ಮ್ಯಾಲೆ ಒಡೆದೆ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಹೇಳಹೊರಟದ್ದು ಒಂದು ತಗಡಿನ ತಗ್ಗಿನ ವಿಷಯ. ಅದರ ಹಿಂದೆ ಇಷ್ಟು ದೊಡ್ಡದು ಎದ್ದು ಬರುತ್ತದೆಂದು ಯಾರಿಗೆ ಗೊತ್ತಿತ್ತು? ಆ ಮುದುಕರ ಮೇಲೆ ಅಯ್ಯೋ ಎನ್ನಿಸಿ, ತಟ್ಟೆ ಹಿಡಿದುಕೊಂಡೇ ಅತ್ತುಬಿಟ್ಟೆ. ಸಾಹುಕಾರರು ಕಟ್ಟೆಯ ಮೇಲಿನ ಚಾವಿ ತೆಗೆದು ಡ್ರೈವರನ ಕೈಗೆ ತಾವೇ ಕೊಟ್ಟರು. ಆರಿದ ಕಾಫಿಯನ್ನೇ ಎಲ್ಲರೂ ಕುಡಿದರು.

ಆಮೇಲೆ ಒಳಗೆ ನನಗೆ ಆದ ಪೂಜೆ ಹೇಳುವುದು ಬೇಡ. ಬಂದು ಒಂದು ದಿನವಾಗಿಲ್ಲ, ಮನೆಯ ಮಾನ ಬೀದಿಗೆ ಹಾಕಿದಳು ಎಂದು ಅತ್ತೆ ನೆಂಟರೆದುರಿಗೆಲ್ಲ ಹಾಡಿದ್ದೇ ಹಾಡಿದ್ದು. ರೊಟ್ಟಿ ತಟ್ಟುವಾಗಲೂ ನನ್ನ ಹೆಸರು ಹೇಳಿಯೇ ತಟ್ಟುತ್ತಿದ್ದರು. ನೀನು ಬಾಯಿ ತೆರೆಯದಿದ್ದರೆ ನಾನೇ ಹೇಳುವವನಿದ್ದೆ ಎಂದು ಗಂಡ ಪಿಸುಗುಟ್ಟಿದ. ನಾನು ಇವತ್ತಿನವರೆಗೂ ಅದನ್ನು ನಂಬಿಲ್ಲ. ಆ ಕಂಬವನ್ನು ಅವನು ಇನ್ನೂ ಸ್ವಲ್ಪ ಹೊತ್ತು ಕೆರೆದಿದ್ದರೆ ಮನೆಯ ಮಾಡೇ ಕುಸಿದು ಬೀಳುತ್ತಿತ್ತು.

ಮುಂದಿನ ವಾರ ಅಜ್ಜನ ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಹೊರಟರು. ಅದೇ ಕಾರು, ಅದೇ ಡ್ರೈವರ್ ಬೇಕೆಂದು ಅಜ್ಜನದೇ ಹಟ. ಹತ್ತುವ ಮೊದಲು, “ಆ ಹುಡುಗೀನೂ ಬರ್ಲಿ” ಎಂದರು.

“ಅವಳ್ಯಾಕಪ್ಪಾ?” ಎಂದು ಮಾವ ಕೇಳಿದರು.

“ಡಾಕ್ಟ್ರು ಒಂದು ಹೇಳ್ತಾರೆ. ನೀವು ನನ್ನ ಮರ್ಯಾದೆಗೆ ಅಂತ ಇನ್ನೊಂದು ಹೇಳ್ತೀರಿ.”

ಹೋಗುವಾಗ ಏನು ಖುಷಿ ನನಗೆ! ಹೊಸ ಸೀರೆ, ಶಿವಮೊಗ್ಗ ಪೇಟೆ, ಮನೆಯಲ್ಲಿ ಉರಿದುಕೊಳ್ಳುತ್ತಿರುವ ಅತ್ತೆ. ಡಾಕ್ಟರು ಅಜ್ಜನನ್ನು ಒಳಗೆ ಕೂರಿಸಿ, ಹೊರಗೆ ಬಂದು ನಮಗೆ ಹೇಳಿದರು. ಬಲಗಣ್ಣಿನ ಪೊರೆ ತೆಗೆದರೆ ದೃಷ್ಟಿ ಬರುತ್ತದೆ. ಎಡಗಣ್ಣು ಹೋಯಿತು, ಬರುವುದು ತಡವಾಯಿತು. ಮಾವ ಕಣ್ಣೊರೆಸಿಕೊಂಡರು. ದಾರಿಯಲ್ಲಿ ಅಜ್ಜ ಕೇಳಿದಾಗ, “ಎರಡೂ ಸರಿ ಹೋಗ್ತಾವಂತಪ್ಪಾ” ಎಂದರು. ಅಜ್ಜ ಹಾಂ ಎಂದರು.

ಮನೆ ಮುಂದೆ ಕಾರು ನಿಂತಿತು. ಮಾವ, ಗಂಡ ಇಳಿದು ಒಳಗೆ ಹೋದರು. ಡ್ರೈವರ್ ಅಜ್ಜನ ಕಡೆಯ ಬಾಗಿಲು ತೆರೆದು ಹಿಡಿದಿದ್ದ. ಅಜ್ಜ ಇಳಿದು ನಿಂತು, ನನ್ನ ಹೆಜ್ಜೆ ಸದ್ದು ಹತ್ತಿರ ಬರುವವರೆಗೆ ಕಾದರು.

“ಈಗ ನೀನು ಹೇಳು.”

ಕಾರಿನ ವಿಷಯ ಹೇಳುವಾಗ ನಾನು ಬೈಯಲು ಯಾರೋ ಒಬ್ಬರಿದ್ದರು. ಇಲ್ಲಿ ಯಾರನ್ನು ಬೈಯಲಿ? ನನ್ನ ಜೋರು ಬಾಯಿ ಒಣಗಿಹೋಯಿತು. ಮಾವನ ಸುಳ್ಳು ಎಷ್ಟು ಮೆತ್ತಗಿನದು ಎಂದು ಆ ಗಳಿಗೆಯಲ್ಲಿ ತಿಳಿಯಿತು.

“ಬಲಗಣ್ಣು ಬರುತ್ತಂತೆ ಅಜ್ಜ,” ಎಂದೆ. “ಎಡಗಣ್ಣು ಬರಲ್ಲಂತೆ.”

ಅಜ್ಜ ರುಮಾಲು ತೆಗೆದು, ತಲೆ ಸವರಿಕೊಂಡು, ಮತ್ತೆ ಇಟ್ಟುಕೊಂಡರು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಎಲ್ಲರಿಗೂ ಕಾಣುವ ಹಾಗೆ ಅವರು ನನ್ನ ಕಡೆ ಕೈ ಚಾಚಿದರು.

“ಸರಿ. ಮೆಟ್ಟಲು ಎಲ್ಲೈತೆ ಹೇಳು.”