ಅತ್ತೆಯ ಬಾಯಿ ಮೇಲೆ ನನ್ನ ಕೈ

ನಮ್ಮತ್ತೆ ಇನ್ನೊಬ್ಬರು ಬಾಯಿಟ್ಟ ಲೋಟ ಮುಟ್ಟುತ್ತಿರಲಿಲ್ಲ. ನೀರಾಗಲಿ ಕಾಫಿಯಾಗಲಿ ಎತ್ತಿಯೇ ಕುಡಿಯಬೇಕು. ಗೌನಿಪಲ್ಲಿ ಹತ್ತಿರದ ನಮ್ಮ ಮಾವಿನ ತೋಪಿಗೆ ಬರುವ ಆಳುಗಳಿಗೂ ಅದೇ ಪಾಠ. ಹಟಕ್ಕೆ ಬಿದ್ದರೆ ಆಯಮ್ಮನ್ನ ಬಗ್ಗಿಸುವವರು ಯಾರೂ ಇರಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ, ದೆಹಲಿಯಲ್ಲಿದ್ದ ನಾದಿನಿಯ ಬಾಣಂತನಕ್ಕೆ ಅಂತ ಅತ್ತೆ ನಾನು ಇಬ್ಬರೂ ರೈಲಿನಲ್ಲಿ ಹೋದೆವು. ವಾಪಸು ಹೊರಡುವ ಹೊತ್ತಿಗೆ ಅತ್ತೆಯ ಮಂಡಿ ಊದಿಕೊಂಡಿತ್ತು. ನಾದಿನಿಯ ಗಂಡ ವಿಮಾನಕ್ಕೇ ಟಿಕೆಟ್ ಮಾಡಿಸಿದರು.

ವಿಮಾನದಲ್ಲಿ ಊಟವಾಗಿ ತಟ್ಟೆ ತೆಗೆದುಕೊಂಡು ಹೋಗಿದ್ದರಷ್ಟೆ. ಹಿಂದೆಲ್ಲೋ ಢಬ್ಬೆಂದು ಸದ್ದಾಯಿತು. ಎದೆಯಲ್ಲಿದ್ದ ಉಸಿರೆಲ್ಲ ತಾನಾಗಿಯೇ ಬಾಯಿಂದ ಹೊರಕ್ಕೆ ನುಗ್ಗಿತು. ಕಿವಿ ಮುಚ್ಚಿಹೋಯಿತು, ಹೊಟ್ಟೆ ಉಬ್ಬಿತು, ಕೈಕಾಲು ಚಳಿಗೆ ಮರಗಟ್ಟತೊಡಗಿದವು. ಒಳಗೆಲ್ಲ ಮಂಜು ಕವಿಯಿತು, ನಾನು ಹೊಗೆ ಅಂದುಕೊಂಡೆ. ತಲೆ ಮೇಲಿಂದ, ಉಸಿರಾಡಲು ಗಾಳಿ ಬರುವ ಹಳದಿ ಬಟ್ಟಲುಗಳು ಕೊಳವೆ ಸಮೇತ ಬಿದ್ದು ನೇತಾಡಿದವು. ವಿಮಾನ ಮೂಗು ಬಗ್ಗಿಸಿ ಇಳಿಯತೊಡಗಿತು.

ಪಕ್ಕದವರನ್ನು ನೋಡಿ ನಾನೂ ಒಂದನ್ನು ಎಳೆದು ಮೂಗು ಬಾಯಿಗೆ ಕಟ್ಟಿಕೊಂಡೆ, ಅತ್ತೆಯ ಕೈಗೂ ಒಂದು ಕೊಟ್ಟೆ. ಅವರು ಅದನ್ನು ತುಟಿಗೆ ತಾಗಿಸಲೇ ಇಲ್ಲ. ಕತ್ತು ಹಿಂದಕ್ಕೆ ವಾಲಿಸಿ, ಚೊಂಬಿನ ನೀರು ಎತ್ತಿ ಕುಡಿಯುವ ಹಾಗೆ ಗೇಣುದ್ದ ಮೇಲೆ ಹಿಡಿದು ಬಾಯಿ ತೆರೆದರು. ಅದಕ್ಕೆ ಯಾರ‍್ಯಾರು ಬಾಯಿಟ್ಟಿದ್ದರೋ ಅನ್ನುವ ಅನುಮಾನ! ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಇಟ್ಟುಕೊಳ್ಳಿ ಅಂತ ಕಿರುಚಿದೆ, ನನ್ನ ದನಿ ನನಗೇ ಕೇಳಿಸಲಿಲ್ಲ.

ಅಷ್ಟರಲ್ಲಿ ಅವರ ತುಟಿ, ಉಗುರು ನೇರಳೆ ಬಣ್ಣಕ್ಕೆ ತಿರುಗಿದವು. ಅದಕ್ಕಿಂತ ಭಯವಾಗಿದ್ದು ಅವರ ನಗು ನೋಡಿ. ಮದುವೆ ಮನೆಯಲ್ಲಿ ಕೂತವರಂತೆ ಹಾಯಾಗಿ ನಗುತ್ತಿದ್ದರು. ಕೈ ಸಡಿಲವಾಗಿ ಬಟ್ಟಲು ಜಾರಿತು. ನಾನು ಅದನ್ನು ಹಿಡಿದು, ಅವರ ತಲೆಯನ್ನು ಸೀಟಿಗೆ ಅದುಮಿ, ಮೂಗು ಬಾಯಿ ಎರಡರ ಮೇಲೂ ಒತ್ತಿದೆ. ಪರಚಿದರು, ಒದ್ದರು. ಇವರಿಗೇನಾದರೂ ಆದರೆ ಊರಿಗೆ ಯಾವ ಮುಖ ಹೊತ್ತು ಹೋಗಲಿ ಅನ್ನುವುದೊಂದೇ ತಲೆಯಲ್ಲಿ. ಉಗುರಿಗೆ ಮತ್ತೆ ಬಣ್ಣ ಬರುವವರೆಗೂ ನಾನು ಕೈ ತೆಗೆಯಲಿಲ್ಲ.

ದಾರಿಯಲ್ಲಿ ಯಾವುದೋ ಊರಲ್ಲಿ ಇಳಿಸಿದರು. ಡಾಕ್ಟರು ನೋಡಿ, ಗಾಳಿ ಸಾಲದೆ ತಲೆಗೆ ಮಂಕು ಕವಿದಿತ್ತು, ಈಗ ಪರವಾಗಿಲ್ಲ ಅಂದ ಮೇಲೆ ಬೇರೆ ವಿಮಾನದಲ್ಲಿ ಬೆಂಗಳೂರಿಗೆ ಕಳಿಸಿದರು. ಮಂಡಿ ನೋವಿಗೆ ಆಸರೆ ಕೊಡಹೋದರೆ ಅತ್ತೆ ನನ್ನ ಕೈ ಕೊಡವಿಬಿಟ್ಟರು. ಗಾಬರಿಯಾಗಿರಬೇಕು ಅಂದುಕೊಂಡೆ.

ಊರಿಗೆ ಕರೆದೊಯ್ಯಲು ನನ್ನ ಗಂಡ ಅಲ್ಲಿಗೆ ಬಂದಿದ್ದರು. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಶ್ರೀನಿವಾಸಪುರದ ಬಸ್ಸಿಗೆ ಕಾಯುತ್ತಿದ್ದಾಗ ಅತ್ತೆ ಮಗನಿಗೆ ಹೇಳಿದರು: "ಇವಳು ನನ್ನ ಮೂಗು ಬಾಯಿ ಒತ್ತಿ ಹಿಡಿದಿದ್ಳು ಕಣೋ. ಪ್ರಾಣ ತೆಗೆಯಕ್ಕೆ ನೋಡಿದ್ಳು."

ಬಿದ್ದ ಬಟ್ಟಲಾಗಲಿ, ತಾವು ನಕ್ಕಿದ್ದಾಗಲಿ ಅವರಿಗೆ ಒಂದೂ ನೆನಪಿರಲಿಲ್ಲ. ನೆನಪಿದ್ದದ್ದು ನನ್ನ ಕೈ ಮಾತ್ರ. ಅವರು ಸುಳ್ಳು ಹೇಳುತ್ತಿರಲಿಲ್ಲ, ನನಗೆ ಸಂಕಟವಾಗಿದ್ದು ಅದಕ್ಕೇ.

ಗಂಡ ನನ್ನ ಕಡೆ ತಿರುಗಿ, "ನಿಜಾನಾ?" ಅಂದರು.

ಒತ್ತಿದ್ದು ನಿಜ ಅಂದೆ. ನಡೆದದ್ದನ್ನೆಲ್ಲ ಬಿಡಿಸಿ ಹೇಳಿ, ಮುಂಗೈಯ ಗೀರುಗಳನ್ನೂ ತೋರಿಸಿದೆ. ಗಂಡ ತಲೆಯಾಡಿಸಿದರು, ಒಳ್ಳೇದೇ ಮಾಡಿದೆ ಅಂದರು. ಅಷ್ಟರಲ್ಲಿ ಬಸ್ಸು ಬಂತು. ಮೂವರ ಸೀಟಿನಲ್ಲಿ ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ, ನಮ್ಮಿಬ್ಬರ ನಡುವೆ ತಾವು ಕೂತರು.